ಗೇಟಿನ ಬಳಿ ಒಬ್ಬಳು

ಕಾಪು
೨೨ ಜೂನ್ ೨೦೨೫, ಭಾನುವಾರ

ರೂಪೇಶರಿಗೆ,

ನನ್ನ ಅಮ್ಮನಿಂದ ಸುದ್ದಿ ತಿಳಿದು ನೀವು ಫೋನ್ ಮಾಡಿದಿರಿ. ಆ ಪುಸ್ತಕವನ್ನು ಒಲೆಗೆ ಹಾಕು ಎಂದು ಹೇಳಿ ಇಟ್ಟುಬಿಟ್ಟಿರಿ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದ ಅರ್ಧದಲ್ಲಿ ಕಟ್ ಆಗುವುದಿಲ್ಲ.

ಮಗು ಚೆನ್ನಾಗಿದೆ. ಈಗ ನನ್ನ ಪಕ್ಕದಲ್ಲೇ ಕೂತಿದೆ.

ಶಾಲೆ ಎಂದರೆ ತೃಪ್ತಿ ಮೇ ತಿಂಗಳಿಡೀ ಹೇಗೆ ಹೆದರಿದ್ದಳೆಂದು ನಿಮಗೆ ಗೊತ್ತುಂಟು. ಯೂನಿಫಾರ್ಮಿಗೆ ಅಳತೆ ಕೊಡುವಾಗಲೇ ವಾಂತಿ ಮಾಡಿದಳು. ಅಮ್ಮ ಮೀನಿನ ಬುಟ್ಟಿ ಇಳಿಸುತ್ತಾ, ನಿನ್ನನ್ನು ಹಾಕುವುದು ಶಾಲೆಗೆ ಮಾರಾಯ್ತಿ, ಐಸಿನ ಪೆಟ್ಟಿಗೆಗಲ್ಲ ಅಂದರೂ ನಗಲಿಲ್ಲ.

ಮಣಿಪಾಲದ ಪ್ರೆಸ್ಸಿನಲ್ಲಿ ದಿನವೂ ಬೇರೆಯವರ ಪುಸ್ತಕಕ್ಕೆ ಪುಟ ಕಟ್ಟುವವಳು ನಾನು. ಒಂದು ನಮ್ಮದೂ ಇರಲಿ ಎಂದು, ಉಳಿದ ದಪ್ಪ ಕಾಗದ ತಂದು ಅವಳಿಗೊಂದು ಚಿತ್ರದ ಪುಸ್ತಕ ಮಾಡಿದೆ. ಶಾಲೆಯನ್ನು ಹೋಗಿ ನೋಡಿ, ಇದ್ದ ಹಾಗೆಯೇ ಬರೆದೆ. ಜಗಲಿಯಲ್ಲಿ ಚಪ್ಪಲಿಗಳ ಸಾಲು, ಹಸಿರು ಬೆಂಚು, ಝೀಟಾ ಟೀಚರ್ ಮತ್ತು ಅವರ ದೊಡ್ಡ ಕನ್ನಡಕ. ಕೊನೆಯ ಪುಟದಲ್ಲಿ ಗೇಟು. ಗೇಟಿನ ಹೊರಗೆ ನಾನು, ನನ್ನ ಕಡೆ ಓಡಿ ಬರುವ ಒಬ್ಬ ಹುಡುಗಿ. ದೂರದಲ್ಲಿ, ಸಣ್ಣದಾಗಿ, ಮುಖ ಬರೆದಿರಲಿಲ್ಲ.

ಮಡಚಿ ಪಿನ್ನು ಹೊಡೆಯುವ ಪುಸ್ತಕದಲ್ಲಿ ಪುಟಗಳು ನಾಲ್ಕರ ಗುಂಪಿನಲ್ಲೇ ಬರುತ್ತವೆ. ಗೇಟಿನ ಹಿಂದಿನ ಪುಟ ಖಾಲಿ ಉಳಿಯಿತು. ಖಾಲಿ ಬಿಟ್ಟರೆ ಪ್ರೆಸ್ಸಿನಲ್ಲಿ ಬೈಯುತ್ತಾರೆ. ಖಾಲಿ ಕಂಡರೆ ತುಂಬಿಸುವುದಕ್ಕೇ ಕೈ ಒಗ್ಗಿಹೋಗಿದೆ. ಅಲ್ಲಿ ಬೆಂಚಿನ ಮೇಲೆ, ತೃಪ್ತಿಯ ಪಕ್ಕ, ಇನ್ನೊಬ್ಬಳನ್ನು ಕೂರಿಸಿದೆ. ಸ್ವಲ್ಪ ಎತ್ತರದವಳು. ಇಬ್ಬರೂ ಕೈ ಹಿಡಿದುಕೊಂಡಿದ್ದಾರೆ. ಇದು ಯಾರು ಎಂದು ತೃಪ್ತಿ ಕೇಳಿದಳು. ಬುಟ್ಟಿ ತೊಳೆಯುತ್ತಿದ್ದ ಅಮ್ಮ ತಲೆ ಎತ್ತದೆ, ನಿನ್ನ ಅಕ್ಕ ಅಲ್ವಾ, ಈ ವರ್ಷ ಒಂದನೇ ಕ್ಲಾಸಿಗೆ ಹೋಗಬೇಕಿತ್ತು ಅಂದರು.

ನಮ್ಮಲ್ಲಿ ತೀರಿಕೊಂಡ ಮಕ್ಕಳೂ ಬೆಳೆಯುತ್ತಾರೆ. ವಯಸ್ಸಿಗೆ ಬಂದರೆ ಮಳೆಗಾಲದ ಆಟಿ ತಿಂಗಳಲ್ಲಿ ಅವರಿಗೂ ಜೋಡಿ ಹುಡುಕಿ ಮದುವೆ ಮಾಡುತ್ತಾರೆ. ಹುಟ್ಟಿದ ದಿನವೇ ಹೋದ, ಹೆಸರೂ ಇಡದ ನಮ್ಮ ಮೊದಲನೆಯವಳ ವಯಸ್ಸನ್ನು ಅಮ್ಮ ಲೆಕ್ಕ ಇಡುತ್ತಾ ಬಂದಿದ್ದಾರೆ. ಅಂಥ ಲೆಕ್ಕದ ಮನೆಯಲ್ಲಿ ಇರಲಾರೆ ಎಂದು ನೀವು ಹೋಗಿ ಕಾರ್ಕಳದಲ್ಲಿ ಮೀನಿನ ಅಂಗಡಿ ಇಟ್ಟಿರಿ. ಅದರ ಬಗ್ಗೆ ನನಗೆ ಹೇಳಲು ಏನೂ ಇಲ್ಲ.

ತೃಪ್ತಿ ಅಳದೆ ಶಾಲೆಗೆ ಹೋದಳು. ಉಳಿದ ಮಕ್ಕಳೆಲ್ಲ ಗೇಟಿಗೆ ಜೋತುಬಿದ್ದಿದ್ದರು. ಪುಸ್ತಕದಲ್ಲಿ ಎಂತ ಮದ್ದು ಹಾಕಿದ್ದೀರಿ ಎಂದು ಝೀಟಾ ಟೀಚರ್ ತಮಾಷೆ ಮಾಡಿದರು. ವಾರ ಕಳೆದ ಮೇಲೆ ಅವರೇ ಕರೆದು, ಬೆಂಚಿನಲ್ಲಿ ಪಕ್ಕದ ಜಾಗಕ್ಕೆ ಯಾರನ್ನೂ ಬಿಡುವುದಿಲ್ಲ, ಕೂರಿಸಲು ಹೋದರೆ ಕಚ್ಚುತ್ತಾಳೆ ಎಂದರು. ಆಗ ಅವರು ನಗುತ್ತಿರಲಿಲ್ಲ.

ಅದೇ ಸಂಜೆ ಮಗು ಮನೆಯ ಹೊಸ್ತಿಲ ಹೊರಗೆ ನಿಂತಿತು. ಒಳಗೆ ಬಾ ಎಂದು ನಾನು ಕರೆಯುವವರೆಗೆ ನಿಂತೇ ಇತ್ತು. ಬಚ್ಚಲು ಎಲ್ಲಿ ಎಂದು ಕೇಳಿತು. ಬಂಗುಡೆ ಮೀನಿನ ಮುಳ್ಳು ತೆಗೆದುಕೊಡು ಎಂದು ಹಠ ಮಾಡಲಿಲ್ಲ. ಎಡಗೈಯಲ್ಲಿ ನನ್ನ ನೈಟಿಯ ಅಂಚು ಹಿಡಿದುಕೊಂಡೇ ಉಂಡಿತು. ಮರುದಿನ ಬಂದವಳು ಎಂದಿನ ತೃಪ್ತಿ. ಚಪ್ಪಲಿ ಎಸೆದು ಒಳಗೆ ಓಡಿದಳು. ನಿನ್ನೆ ಎಂತ ಆಗಿತ್ತು ನಿನಗೆ ಎಂದರೆ, ನಿನ್ನೆ ಬಂದದ್ದು ಅಕ್ಕ ಎಂದಳು. ಪುಸ್ತಕದಲ್ಲಿ ಮನೆಗೆ ಬರುವುದು ಒಬ್ಬಳೇ ಅಲ್ವಾ, ಅದಕ್ಕೆ ಸರದಿ ಮಾಡಿಕೊಂಡಿದ್ದೇವೆ ಎಂದಳು. ಹಾಗಾದರೆ ನೀನೆಲ್ಲಿದ್ದೆ ಎಂದು ಕೇಳಿದೆ. ಬೆಂಚಿನಲ್ಲಿ ಅಂತೆ. ಟೀಚರ್ ಬೀಗ ಹಾಕಿ ಹೋದ ಮೇಲೆ ಕಡಲಿನ ಶಬ್ದ ಹತ್ತಿರ ಬರುತ್ತದಂತೆ.

ಮಕ್ಕಳ ಆಟ ಎಂದಿರಿ ನೀವು. ಮರುಕ್ಷಣವೇ ಒಲೆಗೆ ಹಾಕು ಎಂದಿರಿ. ಎರಡನ್ನೂ ಒಟ್ಟಿಗೆ ಹೇಳಲು ಬರುವುದಿಲ್ಲ. ಸುಟ್ಟರೆ ಗೇಟೂ ಸುಟ್ಟುಹೋಗುತ್ತದೆ. ಒಳಗೆ ಉಳಿದವಳು ಯಾವ ದಾರಿಯಲ್ಲಿ ಬರಬೇಕು? ಅಮ್ಮ ಹೇಳಿದ ಉಪಾಯ ಸುಲಭದ್ದು. ಗೇಟಿನ ಪುಟದಲ್ಲಿ ಇನ್ನೊಬ್ಬಳನ್ನೂ ಬರೆದುಬಿಡು, ಇಬ್ಬರೂ ಬರಲಿ ಎನ್ನುತ್ತಾರೆ. ಆಗ ತೃಪ್ತಿ ದಿನವೂ ತೃಪ್ತಿಯಾಗಿಯೇ ಬರುತ್ತಾಳೆ. ದೊಡ್ಡವಳು ಗಾಳಿಯ ಹಾಗೆ ಜೊತೆಗೆ ಬರುತ್ತಾಳೆ, ಆಟಿಯಲ್ಲಿ ಅವಳಿಗೊಂದು ಎಲೆ ಬಡಿಸಿದರಾಯಿತು. ಇವತ್ತೇ ಬರೆಯುತ್ತೇನೆ. ನೀವು ಹೆದರಬೇಡಿ. ಬಿಡುವಾದಾಗ ಬಂದು ಮಗುವನ್ನು ನೋಡಿ ಹೋಗಿ.

ಇತಿ,
ಶರ್ಮಿಳಾ

ಮತ್ತೆ: ನಿನ್ನೆ, ಶನಿವಾರ, ಅಕ್ಕನ ಸರದಿ. ಇವತ್ತು ಶಾಲೆಗೆ ರಜೆ, ಸರದಿ ಬದಲಾಗಿಲ್ಲ. ಬಣ್ಣದ ಪೆಟ್ಟಿಗೆಯನ್ನು ತೆರೆದೆ, ಬರೆಯದೆ ಮುಚ್ಚಿದೆ. ಗಾಳಿಗೆ ತಲೆ ಬಾಚಲು ಆಗುವುದಿಲ್ಲ. ಪಕ್ಕದಲ್ಲಿ ಕೂತವಳು ತನ್ನ ಹೆಸರು ಎಂತ ಎಂದು ಕೇಳುತ್ತಿದ್ದಾಳೆ. ಬರುವಾಗ ಒಂದು ಹೆಸರು ಯೋಚಿಸಿಕೊಂಡು ಬನ್ನಿ. ನಾಳೆ ಮಗು ಶಾಲೆಗೆ ಬರುವುದಿಲ್ಲ ಎಂದು ಝೀಟಾ ಟೀಚರಿಗೆ ಮೆಸೇಜು ಹಾಕಿದ್ದೇನೆ.