ಸತ್ತವನ ದನಿಗೆ ಡ್ಯೂಟಿ ಹಾಕಿದವರಿಗೆ

ಕುರಿಗಳಿಗೆ ಲಸಿಕೆ ಹಾಕಿಸುವ ಹೊಣೆ ಹೊತ್ತ, ತೆಲಂಗಾಣದ ನಾರಾಯಣಪೇಟೆ ಜಿಲ್ಲಾ ಅಧಿಕಾರಿಗಳಿಗೆ,

ಮಾನ್ಯರೇ, ತೀರಿಕೊಂಡು ಮಣ್ಣಾದ ನಮ್ಮೂರ ಕುರುಬ ಬಾಲಯ್ಯನ ದನಿಯನ್ನು ನಿಮ್ಮ ಪ್ರಚಾರದ ಗಾಡಿಗೆ ಕಟ್ಟಿ ಬೀದಿ ಬೀದಿ ಕೂಗಿಸಿದ್ದೀರಿ. ನನಗೆ ಹೇಸಿಗೆಯಾಗಿದೆ. ಇದಕ್ಕಿಂತ ಮೆತ್ತಗಿನ ಮಾತು ಹುಡುಕಿದೆ, ಸಿಗಲಿಲ್ಲ.

ಬದುಕಿದ್ದಾಗ ಬಾಲಯ್ಯ ನಿಮ್ಮ ಶಿಬಿರವೊಂದರಲ್ಲಿ ಕುರಿರೋಗದ ಬಗ್ಗೆ ನಾಲ್ಕು ಮಾತಾಡಿದ್ದ, ಮಂದೆ ಕರೆಯುವ ಕೂಗನ್ನೂ ಹಾಕಿ ತೋರಿಸಿದ್ದ. ಅದನ್ನು ಮೊಬೈಲಿನಲ್ಲಿ ಹಿಡಿದಿಟ್ಟ ನಿಮ್ಮ ದಫ್ತರದ ಬುದ್ಧಿವಂತರು, ಆತ ಸತ್ತ ಮೇಲೆ ಕೃತಕ ಬುದ್ಧಿಮತ್ತೆ ಎಂಬ ಯಂತ್ರಕ್ಕೆ ಉಣಿಸಿ, ಆತ ಎಂದೂ ಆಡದ ಮಾತುಗಳನ್ನು ಆಡಿಸಿದ್ದಾರೆ. ಆತನ ಹರಕು ತೆಲುಗು ಕೇಳಿ ಅಂದು ನಕ್ಕವರೂ ಅವರೇ. ಈಗ ಆತನ ಬಾಯಲ್ಲಿ ಕನ್ನಡದ ಜೊತೆಗೆ ಅಚ್ಚ ತೆಲುಗು! ಸತ್ತ ಮೇಲೆ ವಿದ್ಯೆ ಹತ್ತಿತೆನ್ನಬೇಕೆ?

ಕುರುಬರ ಬದುಕು ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಮಂದೆ ನಡೆಯುವುದು ಒಡೆಯನ ಕೂಗಿಗೆ. ಬಾಲಯ್ಯನ ಮನೆತನದಲ್ಲಿ ಒಡೆಯ ಸತ್ತರೆ ಆತನ ಕೋಲನ್ನು ಬೀರಪ್ಪನ ಗುಡಿಗೆ ಒಪ್ಪಿಸುತ್ತಾರೆ. ಆತನ ಕೂಗನ್ನು ಮತ್ತೆ ಯಾರೂ ಹಾಕುವುದಿಲ್ಲ. ಮಂದೆಗೆ ಹೊಸ ಕೂಗು ಕಲಿಸಬೇಕು. ಮಗಳು ಹರಿತಾ ಇಡೀ ಬೇಸಿಗೆ ಹಟ್ಟಿಯಲ್ಲೇ ಇದ್ದು, ಅಂಗೈಯಲ್ಲಿ ಹುರುಳಿ ಹಿಡಿದು, ತನ್ನ ಕೂಗು ಕಲಿಸಿದಳು. ಒಲ್ಲದ ಮನಸ್ಸಿನಿಂದಲೇ ಕುರಿಗಳು ಕಲಿತವು.

ಅಷ್ಟರಲ್ಲಿ ಬಂತು ನಿಮ್ಮ ಗಾಡಿ. "ಹುರ್ರ್... ಹೋಯ್! ನಾ ಬಾಲಯ್ಯ ಮಾತಾಡಾಕತ್ತೀನ್ರೀ, ಕುರಿಗೆ ಸೂಜಿ ಹಾಕಿಸ್ರೀ!" ನನ್ನ ಕಿರಾಣಿ ಅಂಗಡಿಯ ಮುಂದೆಯೇ ಕೂಗಿತು. ಹಟ್ಟಿಯ ಮುಳ್ಳುಬೇಲಿ ಮುರಿದುಕೊಂಡು ಮಂದೆಗೆ ಮಂದೆಯೇ ಗಾಡಿಯ ಬೆನ್ನು ಹತ್ತಿ ಮಕ್ತಲ್ ರಸ್ತೆಗೆ ನುಗ್ಗಿತು. ಅದರ ಹಿಂದೆ, ತಲೆಯ ಮೇಲಿನ ಸೆರಗು ಜಾರಿದ್ದೂ ತಿಳಿಯದೆ, ಬಾಲಯ್ಯನ ಹೆಂಡತಿ ಹನುಮಮ್ಮ ಓಡಿದಳು. "ನಿಲ್ರೀ, ನಾನೂ ಬರಾಕತ್ತೀನಿ!" ಎಂದು ಆಕೆ ಕೂಗಿದ್ದು ಆ ಗಾಡಿಗೆ.

ಈಗ ಹರಿತಾ ಕೂಗಿದರೆ ಒಂದು ಕುರಿಯೂ ತಲೆ ಎತ್ತುವುದಿಲ್ಲ. ರಸ್ತೆಯ ಕಡೆ ಮುಖ ಮಾಡಿ ನಿಲ್ಲುತ್ತವೆ. ಮೇಯಲು ಬಿಟ್ಟರೆ ಯಾವ ದಿಕ್ಕಿಗೆ ಓಡುತ್ತವೋ ಎಂಬ ಭಯ. ಕಟುಕರು ಬಂದು ಹಟ್ಟಿ ನೋಡಿಕೊಂಡು ಹೋಗಿದ್ದಾರೆ.

ನಾರಾಯಣಪೇಟೆಗೆ ಬಂದು ನಿಮ್ಮ ದಫ್ತರದಲ್ಲಿ ಕೇಳಿದೆ, "ಯಾರ ಇಜಾಜತ್ ತಗೊಂಡ್ರಿ, ಯಾರ ಒಪ್ಪಿಗಿ ಕೇಳಿದ್ರಿ?" ನಿಮ್ಮ ಕೈಕೆಳಗಿನ ಸಾಹೇಬರು ನಕ್ಕರು. "ಸತ್ತವರನ್ನ ಹ್ಯಾಂಗ ಕೇಳಾಕ ಬರತೈತಿ ಸಾವಕಾರ್ರೇ? ಕುರಿ ತಾವೇ ಓಡಿ ಬಂದ್ವು ನೋಡ್ರಿ, ಟೆಕ್ನಾಲಜಿ ಅಂದ್ರ ಇದು!" ಹೆಂಡತಿ ಬದುಕಿದ್ದಾಳಲ್ಲ, ಆಕೆಯನ್ನು ಕೇಳಲು ಯಾವ ಟೆಕ್ನಾಲಜಿ ಬೇಕಿತ್ತು?

ನನ್ನನ್ನು ಹಳೇ ಕಾಲದವನೆನ್ನುತ್ತೀರಿ. ಹೌದು, ಹಳಬನೇ. ಆದರೂ ನನ್ನ ಎಮ್ಮೆಗೆ ಲಸಿಕೆ ತಪ್ಪಿಸಿಲ್ಲ. ವಿಜ್ಞಾನ ರೋಗ ತಡೆದರೆ ಕೈ ಮುಗಿಯುತ್ತೇನೆ. ಹಾಗೆಂದು, ಮಾಡಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಮಾಡಿಬಿಡುವುದೇ? ಮಣ್ಣು ಕೊಟ್ಟ ಮೇಲೆ ಹಿಂತಿರುಗಿ ನೋಡಬಾರದೆಂದು ಹಿರಿಯರು ಹೇಳಿದ್ದು ಉಳಿದವರು ಬದುಕಲಿ ಎಂದು. ಸತ್ತವರ ಬಾಯಿಗೆ ಅಕ್ಕಿಕಾಳು ಹಾಕುವುದು ನಮ್ಮ ಪದ್ಧತಿ; ಮಾತು ತುರುಕುವುದು ನಿಮ್ಮದು. ಥೂ!

ಆ ದನಿಯನ್ನು ಅಳಿಸಿಹಾಕಿ ಎಂದಷ್ಟೇ ಬರೆಯಲು ಕೂತಿದ್ದೆ. ಮೊನ್ನೆ ಹನುಮಮ್ಮ ಅಂಗಡಿಗೆ ಬಂದು, ಗಾಡಿ ಮತ್ತೆ ಯಾವಾಗ ಬರುತ್ತದೆ ಎಂದು ಕೇಳಿದಳು. ಕುರಿ ಕೂಡಿಹಾಕಲು ಇರಬೇಕು ಎಂದುಕೊಂಡೆ.

"ಅಲ್ಲ ಅಣ್ಣಾ, ಹೋದ ಸಲ ಗಾಡಿ ಲಗೂನ ಹೋತು. ಅವರು ಏನಂದ್ರು, ಪೂರಾ ಕೇಳಾಕ ಆಗಲಿಲ್ಲ" ಎಂದಳು.

ಆದ್ದರಿಂದ ಅಳಿಸುವ ಮುಂಚೆ ನೀವೇ ಬನ್ನಿ. ಗಾಡಿ, ಮೈಕು ಬೇಡ. ಆಕೆಯ ಎದುರು ನಿಂತು, ಮಾತಾಡಿದ್ದು ನಿನ್ನ ಗಂಡನಲ್ಲ ತಾಯಿ ಎಂದು ನಿಮ್ಮ ಬಾಯಿಂದಲೇ ಹೇಳಿ. ನನಗೆ ಹೇಳಲು ಆಗಲಿಲ್ಲ.

ಇಂತಿ,
ಸತ್ತ ಮೇಲೆ ತನ್ನನ್ನಾದರೂ ಸುಮ್ಮನಿರಲು ಬಿಡಿ ಎಂದು ಈಗಲೇ ಕೇಳಿಕೊಳ್ಳುವ,
ಶರಣಬಸವ
ಕಿರಾಣಿ ವ್ಯಾಪಾರಿ, ಮಕ್ತಲ್ ಸೀಮೆ