ನೀರಿನಲ್ಲೇ ಉಳಿದ ಹೀರೋ

9 ಜನವರಿ, ಶುಕ್ರವಾರ. ನಿಪ್ಪಾಣಿ.

ಅಕ್ಷರ ಸೊಟ್ಟಗಿವೆ, ಕಾಗುಣಿತವೂ ತಪ್ಪಿರಬಹುದು. ಸಿಟ್ಟಾಗಬೇಡ, ನನ್ನ ದಿನಚರಿಯ ವಹಿಯೇ. ನನ್ನ ಶಾಲೆ ನಾಲ್ಕನೆಯ ಇಯತ್ತೆಗೇ ಮುಗಿಯಿತು, ಬೆರಳುಗಳೂ ದಿನವಿಡೀ ಬೀಡಿ ಸುತ್ತಿ ಸೆಟೆದಿವೆ.

ಈ ಕಾಮಿಕ್ಸ್ ಮಾಡುವವರಿಗೆ ಬುದ್ಧಿ ಇದೆಯೋ ಇಲ್ಲವೋ! ಮೊದಲ ಸಂಪುಟ ಮುಗಿದಾಗ ಮುಸುಕಿನ ಹೀರೋ ಸೇತುವೆಯಿಂದ ನದಿಗೆ ಬಿದ್ದಿದ್ದ. ಮುಂದಿನ ಕಥೆ ಇರುತ್ತದೆಂದು ‘ಮಹಾಸಂಪುಟ’ ತರಿಸಿದೆ. ನಿನ್ನೆ ಬಂತು. ಬಿಚ್ಚಿದರೆ ಮೊದಲ ಸಂಪುಟದ ಅವೇ ಆರು ಕಥೆಗಳು, ದಪ್ಪ ರಟ್ಟಿನಲ್ಲಿ! ಕೊನೆಗೆ ಚಿತ್ರಕಾರನ ಪೆನ್ಸಿಲ್ ಗೀಟುಗಳು, ಅಷ್ಟೇ. ಒಂದು, ಎರಡು ಎಂದು ಅಂಕಿ ಹಾಕಲು ಇವರಿಗೇನು ಕಷ್ಟ?

ಹಿಂದಿಯ ಈ ಕಥೆಗಳನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದರೆ ಜೊತೆಗೆ ಕೆಲಸ ಮಾಡುವ ಹೆಂಗಸರು ನನ್ನ ಪಾಲಿನ ಬೀಡಿಯನ್ನೂ ಸುತ್ತುತ್ತಾರೆ. ಪುಸ್ತಕ ಕೈಯಲ್ಲಿದ್ದರೆ ಮಾತ್ರ ನನಗೆ ಮಾತು ಬರುತ್ತದೆ. ಮೊದಲ ಸಂಪುಟ ಮುಗಿದ ಮೇಲೆ ಎಂಟು ದಿನದಿಂದ ಬಾಯಿ ಮುಚ್ಚಿ ಕೂತಿದ್ದೆ.

ಇವತ್ತು ಮುಂಜಾನೆ ದ್ರೌಪದಕ್ಕ ಕೆಣಕಿದಳು. "ಏ ನೀಲಮ, ನಿನ್ನ ಹೀರೋ ಇನ್ನೂ ನೀರಾಗ ಅದಾನೇನ ಬೇ?"

"ಎಂಟ್ ದಿನಾ ಆತು. ಇಷ್ಟೊತ್ತಿಗೆ ಉಬ್ಬಿ ಯಡೂರಿಗೆ ತೇಲಿ ಹೋಗಿರ್ತಾನ," ಎಂದಳು ಮುದುಕಿ ತಾನಾಬಾಯಿ. ಎಲ್ಲರೂ ನಕ್ಕರು.

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಹಾಗೆ ಸಾಯುವವನಲ್ಲ ಅವನು. ಮಹಾಸಂಪುಟದ ಕೊನೆಯ ಹಾಳೆ ತೆರೆದೆ. ಅಲ್ಲಿ ಅರ್ಧ ಗೀಚಿದ ಒಂದು ಕೈ, ಅಷ್ಟೇ ಇತ್ತು. ಅದನ್ನೇ ನೋಡುತ್ತ, ಓದುವವಳ ಹಾಗೆ ಕಥೆ ಕಟ್ಟಿ ಹೇಳುತ್ತ, ಅವನನ್ನು ನಾನೇ ನೀರಿನಿಂದ ಮೇಲಕ್ಕೆ ಎಳೆಯತೊಡಗಿದೆ. ಅವನು ದಡ ಮುಟ್ಟುವಷ್ಟರಲ್ಲಿ ತಾನಾಬಾಯಿ ತಾನು ಸುತ್ತಿದ ಬೀಡಿಯ ಒಂದು ಕಟ್ಟನ್ನು ನನ್ನ ಬುಟ್ಟಿಗೆ ಹಾಕಿದ್ದಳು.