‘ಪಡಸಾಲಿ’ ಎಂದು ಹುಡುಕಿದವರು

ಪ್ರೀತಿಯ ಸಾವಂತ್ರಕ್ಕ,

ನಿಮಗೆ ಹೇಳಲೇಬೇಕಾದ ಸುದ್ದಿಯೊಂದಿದೆ. ಫೋನ್ ಮಾಡುವಂತಿದ್ದರೆ ಆ ಕಡೆಯಿಂದ ನೀವು, "ಜೋರಾಗಿ ಹೇಳ ತಂಗಿ, ಮೆಟ್ರೊದಾಗ ಅದೀನಿ, ಏನೂ ಕೇಳವಲ್ದು" ಅನ್ನುತ್ತಿದ್ದಿರಿ. ನಾನು ಕೂಗಿ ಹೇಳುತ್ತಿದ್ದೆ. ನೀವು ಅದನ್ನು ಇನ್ನೂ ಜೋರಾಗಿ ಅಂದು ತೋರಿಸಿ ಇಡೀ ಬೋಗಿಗೆ ಕೇಳಿಸುತ್ತಿದ್ದಿರಿ. ಈಗ ಬರೆಯುತ್ತಿದ್ದೇನೆ. ಆದರೆ ಸುದ್ದಿಯನ್ನು ಒಮ್ಮೆಲೇ ಹೇಳಿ ಮುಗಿಸುವುದಿಲ್ಲ. ನೀವು ಹೋದ ಮೇಲೆ ಆದದ್ದೆಲ್ಲ ನಿಮಗೆ ಸರಿಯಾಗಿ ತಿಳಿಯಬೇಕಲ್ಲವೇ?

ನೀವು ಆರ್‌ಪಿಸಿ ಲೇಔಟಿನ ನಮ್ಮ ಮಹಡಿ ಕೋಣೆಗೆ ಮೊದಲ ಸಲ ಬಂದ ದಿನ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಸೀರಿಯಲ್‌ಗಳಿಗೆ ಎಡಿಟಿಂಗ್ ಮಾಡುವವಳು, ಗೆಳೆಯ ಮಧು ಪ್ರೋಗ್ರಾಂ ಬರೆಯುವವನು. ಇಬ್ಬರೂ ಸೇರಿ ಕನ್ನಡದಲ್ಲಿ ಒಂದು ಪತ್ತೇದಾರಿ ವಿಡಿಯೊ ಗೇಮ್ ಮಾಡಲು ಹೊರಟಿದ್ದೆವು. ಐವತ್ತು ದಾಟಿದ, ಕ್ಯಾಮೆರಾಗೆ ಹೆದರದ ಹೆಂಗಸು ಬೇಕು ಎಂದು ಗೊತ್ತಿದ್ದವರಿಗೆಲ್ಲ ಹೇಳಿಟ್ಟಿದ್ದೆವು. ಬಾಗಲಕೋಟೆ ಕಡೆಯ ಕಂಪನಿ ನಾಟಕಗಳಲ್ಲಿ ಬಣ್ಣ ಹಚ್ಚಿ, ಆಮೇಲೆ ಮಗಳು ಲತಾಳ ಜೊತೆ ಕೆಂಗೇರಿ ಉಪನಗರದಲ್ಲಿ ನೆಲೆಸಿದ್ದ ನೀವು, ಅತ್ತಿಗುಪ್ಪೆಯಲ್ಲಿ ಮೆಟ್ರೊ ಇಳಿದು ನಡೆದೇ ಬಂದಿದ್ದಿರಿ. ಕೋಣೆಯ ಸುತ್ತ ಕಣ್ಣಾಡಿಸಿದಿರಿ. ಮೇಜು, ಕುರ್ಚಿ, ಕ್ಯಾಮೆರಾ, ನಾವಿಬ್ಬರು.

"ಇಷ್ಟ ಏನು? ನನ್ನ ಎದುರಿನ ಪಾತ್ರ ಯಾರು?"

"ಎದುರಿಗೆ ಯಾರೂ ಇರಲ್ಲ ಅಕ್ಕ" ಅಂದೆ. "ಪೊಲೀಸರು ಪ್ರಶ್ನೆ ಕೇಳಿರ್ತಾರೆ, ಅದು ಕೇಳ್ಸಲ್ಲ. ನಿಮ್ಮ ಉತ್ತರ ಮಾತ್ರ ಇರತ್ತೆ. ಒಂದೊಂದು ಉತ್ತರ ಒಂದೊಂದು ಚಿಕ್ಕ ವಿಡಿಯೊ."

ಮಧು ಮುಂದುವರಿಸಿದ. "ಆಡೋರು ಒಂದು ಪದ ಟೈಪ್ ಮಾಡ್ತಾರೆ. ಆ ಪದ ನೀವು ಎಲ್ಲೆಲ್ಲಿ ಹೇಳಿದೀರೋ ಆ ವಿಡಿಯೊಗಳು ಮಾತ್ರ ಬರ್ತವೆ. ಅದನ್ನ ನೋಡಿ, ಇನ್ನೊಂದು ಪದ ಊಹೆ ಮಾಡಿ, ಮತ್ತೆ ಹುಡುಕ್ಬೇಕು. ಏನು ನಡೀತು ಅಂತ ಅವ್ರೇ ಕಂಡು ಹಿಡೀಬೇಕು."

ನೀವು ಕುರ್ಚಿ ಎಳೆದುಕೊಂಡು ಕೂತಿರಿ. "ಅಂದ್ರ ನಾ ಒಂದ ಕತಿ ಹೇಳೂದು, ನೀವು ಅದನ್ನ ಹರದ ಚೂರ ಮಾಡಿ ಚೆಲ್ಲೂದು, ನೋಡೋರು ಆರಿಸಿಕೋತ ಹೋಗೂದು. ಹೌದಿಲ್ಲೋ?"

ಹೌದು ಎಂದೆವು.

"ಚಲೋ ಐತಿ. ನಾಟಕದಾಗ ಹಿಂದಿನ ಸಾಲಿನವರು ನಿದ್ದಿ ಹೊಡೀತಿದ್ರು. ಇದರಾಗ ನಿದ್ದಿ ಹೊಡದ್ರ ಕತೀನ ಮುಂದ ಹೋಗೂದಿಲ್ಲ!"

ಅಲ್ಲಿಗೆ ನಮ್ಮ ಹುಡುಕಾಟ ಮುಗಿಯಿತು. ಇನ್ನೊಬ್ಬರನ್ನು ಕರೆಸಿ ನೋಡುವ ಮಾತನ್ನು ಮಧು ಎತ್ತಲೇ ಇಲ್ಲ.

ಆ ಒಂದು ಮಧ್ಯಾಹ್ನ ನಿಮ್ಮ ನಾಲಿಗೆ ಜಾರದೆ ಇದ್ದಿದ್ದರೆ ನಮ್ಮ ಗೇಮ್ ಏನಾಗಿರುತ್ತಿತ್ತೋ... ನಿಮ್ಮ ಪಾತ್ರ ವನಜಾ. ರಾಜಾಜಿನಗರದಲ್ಲೇ ಹುಟ್ಟಿ ಬೆಳೆದವಳು, ಟೈಲರಿಂಗ್ ಕ್ಲಾಸ್ ನಡೆಸುವವಳು. ಅವಳ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನೀಲಾ ಎಂಬ ಹೆಂಗಸು ಕಾಣೆಯಾಗಿದ್ದಾಳೆ. ಗಂಡ ದೂರು ಕೊಟ್ಟಿದ್ದಾನೆ. ವನಜಾಳೇ ಕೊಂದಿದ್ದಾಳೆಂದು ಎಲ್ಲರಿಗೂ ಅನುಮಾನ. ನಾನು ಬರೆದ ಕಥೆಯಲ್ಲಿ ಒಂದು ಹಳೆಯ ಫೋಟೊದಿಂದ ಗುಟ್ಟು ಹೊರಬೀಳುತ್ತಿತ್ತು. ನೀವು ಬೆಂಗಳೂರಿನ ಮಾತನ್ನು ಚೆನ್ನಾಗಿ ರೂಢಿಸಿಕೊಂಡು, ನಾವು ಬರೆದುಕೊಟ್ಟ ಹಾಗೆಯೇ ಆಡುತ್ತಿದ್ದಿರಿ. ಅವತ್ತು ನೀಲಾಳ ಗಂಡನ ಮೇಲೆ ಸಿಟ್ಟಾಗುವ ದೃಶ್ಯ. "ಅವನು ಬಾಗಿಲು ಒದ್ದಾಗ ನಾನು ಒಳಗಿದ್ದೆ ಸಾರ್. ಆಕಿ ಪಾಪ ಪಡಸಾಲ್ಯಾಗ ಕುಂತಿದ್ಲು..." ಎಂದುಬಿಟ್ಟಿರಿ.

"ಕಟ್!" ಅಂದೆ. "ಅಕ್ಕ, ‘ಹಾಲ್‌ನಲ್ಲಿ ಕೂತಿದ್ಲು’ ಅಂತ ಬರಬೇಕು. ಪಡಸಾಲಿ ಅನ್ನೋದು ನಿಮ್ಮ ಕಡೆ ಮಾತು."

ನೀವು ಕ್ಷಮೆ ಕೇಳಲಿಲ್ಲ. ಕುರ್ಚಿಯಿಂದ ಏಳಲೂ ಇಲ್ಲ. "ಸಿಟ್ಟ ಬಂದಾಗ ಯಾರ ನಾಲಿಗಿ ತನ್ನ ಊರಿಗೆ ಓಡೂದಿಲ್ಲ ಹೇಳು? ಇರ್ಲಿ ಬಿಡು ಅದು. ಈಕಿ ರಾಜಾಜಿನಗರದಾಕಿ ಅಲ್ಲ ಅಂತ ಗೊತ್ತಾಗ್ಲಿ. ನೀಲಾ ಯಾವ ಊರಾಕಿ? ನಮ್ಮ ಕಡಿಯಾಕಿ ಅಂತ ಬರದೀಯಲ್ಲ. ಇಬ್ರೂ ಒಂದ ಮನ್ಯಾಗ ಬೆಳದವರು ಇರಬಾರದೇನು?"

ಮಧು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಫೋಟೊದ ಗುಟ್ಟು ಅವತ್ತೇ ಕಸದ ಬುಟ್ಟಿ ಸೇರಿತು. ವನಜಾ ನೀಲಾಳ ಅಕ್ಕನಾದಳು. ಹೊಡೆಯುವ ಗಂಡನಿಂದ ತಂಗಿಯನ್ನು ಪಾರು ಮಾಡಿ ಬಚ್ಚಿಟ್ಟವಳಾದಳು. ಗುಟ್ಟು ಈಗ ಫೋಟೊದಲ್ಲಿರಲಿಲ್ಲ, ನಿಮ್ಮ ನಾಲಿಗೆಯಲ್ಲಿತ್ತು. ಮಧು ಮಾತ್ರ ತಲೆ ಕೆರೆದುಕೊಂಡು, ಪಡಸಾಲಿ ಎಂದು ಹುಡುಕಿದರೆ ‘ಪಡಸಾಲ್ಯಾಗ’ ಎನ್ನುವಂಥ ಆಡುರೂಪಗಳೂ ಸಿಗುವಂತೆ ಹುಡುಕಾಟದ ಪ್ರೋಗ್ರಾಮನ್ನು ಮತ್ತೆ ಬರೆದ. "ಕನ್ನಡದಲ್ಲಿ ಒಂದೊಂದು ಪದಕ್ಕೂ ಎಷ್ಟು ಬಾಲ ಗುರು!" ಎಂದು ಅವನು ಗೊಣಗಿದ್ದು ಕೇಳಿ ನೀವು ನಕ್ಕ ನಗು...

ಗೇಮ್ ಮಾರುವ ಕಂಪನಿಯ ಆ ಮನುಷ್ಯ ಬಂದಿದ್ದು ನೆನಪಿದೆಯೇ ಅಕ್ಕ? ಅವನು ಬಿಡುಗಡೆಗೆ ಕೈಜೋಡಿಸುತ್ತಾನೆ ಎಂದು ನಾವು ತುಂಬ ಆಸೆ ಇಟ್ಟುಕೊಂಡಿದ್ದೆವು. ನೀವು ಅಡುಗೆಮನೆಯಲ್ಲಿದ್ದಿರಿ. ಅವನು ಒಂದಷ್ಟು ವಿಡಿಯೊ ನೋಡಿ ದನಿ ತಗ್ಗಿಸಿದ. "ಆಂಟಿ ಆಕ್ಟಿಂಗ್ ಸೂಪರ್. ಆದ್ರೆ ಫೇಸ್ ವ್ಯಾಲ್ಯೂ ಇಲ್ಲ. ಯಾರಾದ್ರೂ ಸೀರಿಯಲ್ ಹೀರೋಯಿನ್ ಹಾಕಿ, ಇಂಗ್ಲಿಷಲ್ಲಿ ಮಾಡಿ. ಕನ್ನಡದಲ್ಲಿ ಟೈಪ್ ಮಾಡ್ಕೊಂಡು ಯಾರ್ರೀ ಗೇಮ್ ಆಡ್ತಾರೆ?"

ಅಷ್ಟರಲ್ಲಿ ನೀವು ಲೋಟಗಳನ್ನು ಹಿಡಿದು ಬಂದಿರಿ. "ಚಹಾ ತಗೋರಿ ಸಾಹೇಬ್ರ. ಟೈಪ್ ಮಾಡೂದು ಬ್ಯಾಸರ ಇರಬೋದು. ಆದ್ರ ಮತ್ತೊಬ್ಬರ ಸುಳ್ಳ ಹಿಡಿಯೂದು ಎಲ್ಲಾರಿಗೂ ಸೇರತೈತಿ."

ಅವನು ಚಹಾ ಕುಡಿದು ಹೋದ. ಮತ್ತೆ ಬರಲಿಲ್ಲ. ನಾನು ಗೋಡೆಗೆ ಒರಗಿ ಕೂತಿದ್ದೆ. ನೀವು ಲೋಟ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕೇಳಿದ್ದು ಒಂದೇ ಮಾತು: "ನಾಳಿ ಎಷ್ಟಕ್ಕ ಬರ್ಲಿ?" ಆ ಪ್ರಶ್ನೆಯ ಮುಂದೆ ಕೆಲಸ ನಿಲ್ಲಿಸುವ ಮಾತು ಹೇಗೆ ಬಾಯಿಗೆ ಬಂದೀತು?

ಲತಾ ಫೋನ್ ಮಾಡಿದ ಬೆಳಿಗ್ಗೆ ನಾವು ನಿಮಗಾಗಿಯೇ ಲೈಟ್ ಜೋಡಿಸುತ್ತಿದ್ದೆವು. ಕೊನೆಯ ದೃಶ್ಯ ಒಂದೇ ಬಾಕಿ ಇತ್ತು. ವನಜಾ ಎಲ್ಲವನ್ನೂ ಒಪ್ಪಿಕೊಳ್ಳುವ ದೃಶ್ಯ. "ಅವ್ವ ಏಳವಲ್ಲಳು" ಎಂದಳು ಲತಾ. ನಿದ್ದೆಯಲ್ಲೇ ಹೃದಯ ನಿಂತಿತ್ತು. ಕೆಂಗೇರಿಗೆ ಬಂದಾಗ ನಿಮ್ಮ ಮುಖ ನೋಡಿ ನನಗೆ ಅನ್ನಿಸಿದ್ದೇನು ಗೊತ್ತೇ? ಇನ್ನೇನು ಕಣ್ಣು ಬಿಟ್ಟು, "ಕ್ಯಾಮೆರಾ ಚಾಲೂ ಮಾಡೀರೇನು?" ಅನ್ನುತ್ತೀರಿ ಎಂದು.

ಕೆಲವು ವಾರಗಳ ನಂತರ ಮಧು ಹಿಂಜರಿಯುತ್ತಲೇ ಹೇಳಿದ, ಕಂಪ್ಯೂಟರಿನಲ್ಲಿ ನಿಮ್ಮ ಮುಖ, ನಿಮ್ಮ ದನಿ ಎರಡನ್ನೂ ಸೃಷ್ಟಿಸಿ ಆ ದೃಶ್ಯ ಮುಗಿಸಬಹುದು ಎಂದು. ನಾವು ಲತಾಳನ್ನು ಕೇಳಲು ಹೋದೆವು. ಅವಳು ನಿಮ್ಮ ಮಗಳು ಅಕ್ಕ, ಉತ್ತರ ಕೊಡಲು ತಡ ಮಾಡಲಿಲ್ಲ. "ನಮ್ಮವ್ವ ಆಡಿದ್ದು ಎಷ್ಟು ಐತೋ ಅಷ್ಟರಾಗ ಮುಗಸ್ರಿ. ಆಡಲಾರದ್ದನ್ನ ಆಕಿ ಬಾಯಾಗ ಇಡಬ್ಯಾಡ್ರಿ. ಮುಗಿಯೂದಿಲ್ಲ ಅಂದ್ರ ಬಿಡ್ರಿ."

ಹಾಗಾಗಿ ನಾನು ಹುಡುಕತೊಡಗಿದೆ. ಒಳ್ಳೆಯ ತುಣುಕುಗಳನ್ನು ಆಗಲೇ ಆರಿಸಿದ್ದೆ. ಈಗ ಬಿಟ್ಟಿದ್ದೆಲ್ಲವನ್ನೂ ಹೊರತೆಗೆದೆ. ಕೆಮ್ಮಿದ್ದು, ಮರೆತಿದ್ದು, ‘ಕಟ್’ ಅಂದ ಮೇಲೂ ಕ್ಯಾಮೆರಾ ಓಡುತ್ತಲೇ ಇದ್ದದ್ದು. ನೀವು ಆಡಿದ ಪ್ರತಿ ಮಾತನ್ನೂ ಕಂಪ್ಯೂಟರಿನಿಂದಲೇ ಅಕ್ಷರಕ್ಕಿಳಿಸಿ, ನಮ್ಮದೇ ಗೇಮಿನ ಹುಡುಕಾಟಕ್ಕೆ ಹಾಕಿದೆ. ‘ಸತ್ಯ’ ಎಂದು ಹುಡುಕಿದೆ. ‘ತಂಗಿ’ ಎಂದು ಹುಡುಕಿದೆ. ನನ್ನನ್ನು ಕರೆದದ್ದೇ ಸಾಲು ಸಾಲಾಗಿ ಬಂತು, ನೋಡುತ್ತ ಅತ್ತುಬಿಟ್ಟೆ. ಆಮೇಲೆ ಒಂದು ದಿನ ‘ತೊಟ್ಟಿಲು’ ಎಂದು ಹುಡುಕಿದೆ. ವನಜಾ ಬಾಯಿ ತಪ್ಪಿ, "ಪಡಸಾಲ್ಯಾಗ ಆಕಿ ತೊಟ್ಟಲಾ ತೂಗಿದಾಕಿ ನಾನು" ಎನ್ನುವ ತುಣುಕಿತ್ತಲ್ಲ, ಅದು ಬರುತ್ತದೆಂದು ಗೊತ್ತಿತ್ತು. ಅದರ ಕೆಳಗೆ ನಾನು ಎಂದೂ ನೋಡಿರದ ಇನ್ನೊಂದಿತ್ತು.

ಅದು ನಡೆದದ್ದು ನನಗೆ ಆಗ ನೆನಪಾಯಿತು. ‘ಕಟ್’ ಆಗಿತ್ತು, ಮಧು ಕ್ಯಾಮೆರಾ ನಿಲ್ಲಿಸಿರಲಿಲ್ಲ. ನೀವಿನ್ನೂ ವನಜಾಳ ಸೀರೆಯಲ್ಲಿ ಅದೇ ಕುರ್ಚಿಯಲ್ಲಿದ್ದಿರಿ. ನಾನು ಸುಮ್ಮನೆ ಕೇಳಿದ್ದೆ, ನೀಲಾಳನ್ನು ಎಲ್ಲಿ ಬಚ್ಚಿಟ್ಟಿದೀರ ಅಕ್ಕ, ನಂಗೂ ಗೊತ್ತಿಲ್ಲ, ಎಂದು. ನೀವು ನನ್ನತ್ತ ತಿರುಗದೆ, ನೇರ ಕ್ಯಾಮೆರಾ ನೋಡಿ ಹೇಳಿದಿರಿ: "ತೊಟ್ಟಲದಾಗ ಇದ್ದಾಗಿಂದ ಕಾಯ್ದೇನಿ ಆಕಿನ. ಎಲ್ಲಿ ಅದಾಳ ಅಂತ ನಿಮಗ ಹೇಳಿದ್ರ ಅದು ಬಚ್ಚಿಟ್ಟಂಗ ಆತೇನು? ಆಕಿ ಆರಾಮ ಅದಾಳ. ಅಷ್ಟ ಬರಕೋರಿ."

ಆಮೇಲೆ ನಿಧಾನವಾಗಿ ಎದ್ದು ಚೌಕಟ್ಟಿನಿಂದ ಹೊರಗೆ ನಡೆದಿರಿ. ಖಾಲಿ ಕುರ್ಚಿ ಉಳಿಯಿತು. ನಾನು ಬರೆದಿಟ್ಟಿದ್ದ ಉದ್ದನೆಯ ತಪ್ಪೊಪ್ಪಿಗೆ ಇದರ ಮುಂದೆ ಏನು ಅಕ್ಕ? ಮಧುವಿಗೆ ತೋರಿಸಿದೆ. ಅವನು ಎದ್ದು ಹೋಗಿ ಕಿಟಕಿ ಬಳಿ ನಿಂತು, ಅಲ್ಲಿಂದಲೇ ಜೋರಾಗಿ ಚಪ್ಪಾಳೆ ತಟ್ಟಿದ.

ಗೇಮ್ ಬಿಡುಗಡೆಯಾಯಿತು. ಮೊದಲ ಸಲ ಅದನ್ನು ಜನರ ಮುಂದಿಟ್ಟದ್ದು ಬಸವೇಶ್ವರನಗರದ ಒಂದು ಚಿಕ್ಕ ಸಭಾಂಗಣದಲ್ಲಿ. ಬಂದವರೆಲ್ಲ ಸೇರಿ ಆಡುವುದು, ಅವರು ಕೂಗಿದ ಪದವನ್ನು ಮಧು ಟೈಪ್ ಮಾಡುವುದು, ದೊಡ್ಡ ಪರದೆಯ ಮೇಲೆ ನೀವು ಬರುವುದು. ಯಾರೂ ಬಾಯಿ ಬಿಡದಿದ್ದರೆ ಎಂದು ನಾನೇ ಕೂಗಲು ಒಂದೆರಡು ಪದ ಯೋಚಿಸಿಟ್ಟುಕೊಂಡಿದ್ದೆ. "ಕೊಲೆ ಅಂತ ಹಾಕಿ ಸಾರ್!" ಎಂದು ಯಾರೋ ಕೂಗಿದರು. ಪರದೆಯ ಮೇಲೆ ನೀವು ಹುಬ್ಬು ಏರಿಸಿ, "ಹುಡುಗಿ ಮನೆ ಬಿಟ್ಟು ಹೋದ್ರೆ ಕೊಲೆನೇ ಆಗ್ಬೇಕಾ ಸಾರ್?" ಅಂದಿರಿ. ಇಡೀ ಸಭೆ ಗೊಳ್ಳೆಂದು ನಕ್ಕಿತು. ಅಲ್ಲಿಂದ ಯಾರೂ ಸುಮ್ಮನೆ ಕೂರಲಿಲ್ಲ. ‘ಬೀಗ’, ‘ಬಾಡಿಗೆ’, ‘ಗಂಡ’. ಗಂಡ ಅಂದಾಗ ಆ ಸಿಟ್ಟಿನ ತುಣುಕು ಬಂತು.

ನಡುವಿನ ಸಾಲಿನಲ್ಲಿ ಒಬ್ಬ ಹೆಂಗಸು ತಟ್ಟನೆ ಎದ್ದರು. "ಒಂದ್ನಿಮಿಷ, ಅದನ್ನ ಇನ್ನೊಂದ್ಸಲ ಹಾಕ್ತೀರಾ ಪ್ಲೀಸ್?" ಅಚ್ಚುಕಟ್ಟಾದ ಬೆಂಗಳೂರಿನ ಮಾತು. ಮಧು ಮತ್ತೆ ಹಾಕಿದ. ‘ಪಡಸಾಲ್ಯಾಗ ಕುಂತಿದ್ಲು’. ಆಕೆ ಎರಡೂ ಕೈ ಮೇಲೆತ್ತಿ ಕೂಗಿದರು: "ಏ, ಈಕಿ ರಾಜಾಜಿನಗರದಾಕಿ ಅಲ್ರೀ! ನಮ್ಮ ಕಡಿಯಾಕಿ ಅದಾಳ! ಸುಳ್ಳ ಹೇಳಾಕತ್ತಾಳ! ಪಡಸಾಲಿ ಅಂತ ಹುಡುಕ್ರಿ, ಪಡಸಾಲಿ!"

ಮಧು ಹುಡುಕಿದ. ತೊಟ್ಟಿಲಿನ ಮಾತು ಬಂತು. "ಅಯ್ಯೋ, ಅಕ್ಕ ತಂಗಿ!" ಎಂದು ಇನ್ನೊಂದು ಮೂಲೆಯಿಂದ ಯಾರೋ ಚೀರಿದರು. "ತೊಟ್ಟಿಲು ಹಾಕಿ, ತೊಟ್ಟಿಲು!" ಈಗ ಕೂಗುತ್ತಿದ್ದದ್ದು ಒಬ್ಬರಲ್ಲ. ನೀವು ಬಂದಿರಿ. "ಆಕಿ ಆರಾಮ ಅದಾಳ. ಅಷ್ಟ ಬರಕೋರಿ." ಎದ್ದು ನಡೆದಿರಿ. ಖಾಲಿ ಕುರ್ಚಿಯ ಮುಂದೆ ಆ ಸಭೆ ಎದ್ದು ನಿಂತಿತು. ಸೀಟಿ ಹೊಡೆದರು ಅಕ್ಕ, ನಿಮ್ಮ ಕಂಪನಿ ನಾಟಕಕ್ಕೆ ಹೊಡೆಯುತ್ತಿದ್ದ ಹಾಗೆ! ಲತಾ ನನ್ನ ತೋಳು ಹಿಡಿದುಕೊಂಡಿದ್ದಳು. ಅವಳ ಉಗುರಿನ ಗುರುತು ಮರುದಿನವೂ ಇತ್ತು.

ಎದ್ದು ನಿಂತಿದ್ದ ಆ ಹೆಂಗಸು ಆಮೇಲೆ ನಮ್ಮ ಬಳಿ ಬಂದರು. ಬ್ಯಾಂಕಿನಲ್ಲಿ ಅಧಿಕಾರಿಯಂತೆ. ಲತಾಳ ಕೈ ಬಿಡದೆ ಹೇಳಿದರು, "ಆಫೀಸ್ನ್ಯಾಗ ನಾ ಯಾವ ಊರಾಕಿ ಅಂತ ಯಾರಿಗೂ ಗೊತ್ತಿಲ್ಲ ನೋಡ್ರಿ. ಇವತ್ತ ಇಷ್ಟ ಮಂದಿ ಮುಂದ ಬಾಯಿಂದ ಬಂದಬಿಡ್ತು." ಹೇಳಿ ನಕ್ಕರು. ನಾಚಿಕೆಯ ನಗು ಅದಾಗಿರಲಿಲ್ಲ.

ಈಗ ಸುದ್ದಿ. ಕಳೆದ ವಾರ, ಹೊರದೇಶದ ಒಂದು ಗೇಮ್ ಉತ್ಸವದಲ್ಲಿ ಅತ್ಯುತ್ತಮ ಅಭಿನಯದ ಬಹುಮಾನ ನಿಮಗೆ ಬಂತು. ಹೌದು ಅಕ್ಕ, ನಿಮಗೇ! ಕನ್ನಡದ ಒಂದಕ್ಷರ ಬಾರದವರು, ಪರದೆಯ ಕೆಳಗಿನ ಅನುವಾದ ಓದಿಕೊಂಡು, ನಿಮ್ಮನ್ನು ಆರಿಸಿದರು. ಅಷ್ಟು ದೂರ ಹೋಗಲಾಗದೆ ನಾವು ಕೆಂಗೇರಿಯಲ್ಲಿ ನಿಮ್ಮ ಮನೆಯಲ್ಲೇ ವಿಡಿಯೊ ಕರೆಗೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆವು. ನಿಮ್ಮ ಹೆಸರು ಹೇಳಲು ಅಲ್ಲಿನ ನಿರೂಪಕಿ ಪಟ್ಟ ಕಷ್ಟ ನೋಡಬೇಕಿತ್ತು! ನೀವು ಇಲ್ಲವೆಂಬುದು ಆ ನಿರೂಪಕಿಗೆ ಗೊತ್ತಿರಲಿಲ್ಲ. ಇವರು ಮುಂದೆ ಯಾವುದರಲ್ಲಿ ಅಭಿನಯಿಸುತ್ತಾರೆ, ನಾವೆಲ್ಲ ಕಾಯುತ್ತಿದ್ದೇವೆ, ಎಂದು ಕೇಳಿದಳು. ಲತಾ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಇಂಗ್ಲಿಷಿಗೆ ಹೋಗಲಿಲ್ಲ. ನಿಮ್ಮ ಹಾಗೆಯೇ ನೆಟ್ಟಗೆ ಕೂತು ಹೇಳಿದಳು:

"ನಮ್ಮವ್ವ ತನ್ನ ಪಾಲಿನ ಕೆಲಸ ಮುಗಿಸಿ ಹೋಗ್ಯಾಳ್ರಿ. ಇನ್ನ ಹುಡುಕೂದು ನಿಮ್ಮ ಕೆಲಸ."

ಮಧು ಅದನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದ. ಅಷ್ಟು ದೂರದ ಆ ಸಭೆ ಎದ್ದು ನಿಂತಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಲತಾ ದನಿಯ ಗುಂಡಿ ಒತ್ತಿ ಒತ್ತಿ ಪೂರ್ತಿ ಏರಿಸಿದಳು, ಬೀದಿಗೆಲ್ಲ ಕೇಳಿಸಲಿ ಎಂದು.

ನಿಮ್ಮ,
ಸುಮಾ